ನೀರು ಜಾರಿದರೆ ಸಾಕೇ, ಎಣ್ಣೆಯೂ ಜಾರಬೇಕೇ? ‘ಪಿಫಾಸ್’ ನಿಷೇಧದ ಗೊಂದಲ

ಮಳೆಗಾಲದ ಜರ್ಕಿನ್‌ಗಳ ಮೇಲೆ, ದೋಸೆ ಕಾವಲಿಯ ಡಬ್ಬಗಳ ಮೇಲೆ ಈಗೀಗ ‘ಪಿಫಾಸ್ ಇಲ್ಲ’ ಎಂಬ ಚೀಟಿ ಕಾಣಿಸತೊಡಗಿದೆ. ಪಿಫಾಸ್ ಎಂದರೆ ನೀರು, ಎಣ್ಣೆ, ಕಲೆ ಅಂಟದಂತೆ ಮಾಡಲು ಬಳಸುವ ಫ್ಲೋರಿನ್ ರಾಸಾಯನಿಕಗಳ ದೊಡ್ಡ ಗುಂಪು. ಚೀಟಿಯ ಹಿಂದೆಯೇ ಸುದ್ದಿಗಳೂ ಬರುತ್ತಿವೆ. ಆಹಾರಕ್ಕೆ ತಾಗುವ ವಸ್ತುಗಳ ತಯಾರಿಕೆಯಲ್ಲಿ ಪಿಫಾಸ್ ಬಳಸಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ಹೊರಡಿಸಿತು. ಫ್ರಾನ್ಸ್ 2026ರ ಜನವರಿ 1ರಿಂದ ಪಿಫಾಸ್ ಇರುವ ಬಟ್ಟೆ, ಬೂಟು, ಸೌಂದರ್ಯ ಸಾಮಗ್ರಿಗಳನ್ನು ನಿಷೇಧಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳು ಬಟ್ಟೆಯ ವಿಷಯದಲ್ಲಿ ಅದಕ್ಕೂ ಒಂದು ವರ್ಷ ಮುಂಚೆಯೇ ಈ ದಾರಿ ಹಿಡಿದಿದ್ದವು.

ಇನ್ನೊಂದು ಕಡೆ, ನಾನ್‌ಸ್ಟಿಕ್ ಪಾತ್ರೆ ಸುರಕ್ಷಿತ, ಗಾಬರಿ ಬೇಡ ಎನ್ನುವವರೂ ಇದ್ದಾರೆ. ಹಾಗಾದರೆ ಯಾವುದು ನಿಜ? ಮೂಡಿಗೆರೆಯ ತೋಟದಲ್ಲಿ ಮಳೆಯಲ್ಲೇ ಕೆಲಸ ಮಾಡುವವರು ಹೊಸ ರೈನ್‌ಕೋಟು ಕೊಳ್ಳಬೇಕಾ? ಮನೆಯ ಕಾವಲಿ ಎಸೆಯಬೇಕಾ? ಹಾಸನದಿಂದ ಹೊರದೇಶಕ್ಕೆ ಬಟ್ಟೆ ಕಳಿಸುವ ಗಿರಣಿಗಳಿಗೆ ಏನು ಗತಿ? ಈ ಮೂರಕ್ಕೂ ಉತ್ತರ ಬೇರೆ ಬೇರೆ. ಆದರೆ ಮೂರನ್ನೂ ಬಿಡಿಸುವ ಪ್ರಶ್ನೆ ಒಂದೇ: ಆ ವಸ್ತುವಿನ ಮೇಲ್ಮೈ ತಡೆಯಬೇಕಾದ್ದು ನೀರನ್ನೋ, ಎಣ್ಣೆಯನ್ನೋ?

ಹನಿ ನಿಲ್ಲುವುದು, ಹರಡುವುದು

ಮಲೆನಾಡಿನ ಮನೆಯ ಹಿತ್ತಲಲ್ಲಿ ಕೆಸುವಿನ ಗಿಡ ಇದ್ದೇ ಇರುತ್ತದೆ. ಎಲೆಯ ಮೇಲೆ ನೀರು ಚಿಮುಕಿಸಿದರೆ ಹನಿ ಮುತ್ತಿನಷ್ಟು ಗುಂಡಾಗಿ ಉರುಳಿ ಹೋಗುತ್ತದೆ, ಎಲೆ ಒಣಗಿಯೇ ಇರುತ್ತದೆ. ಅದೇ ಎಲೆಯ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ನೋಡಿ. ಎಣ್ಣೆ ಉರುಳುವುದಿಲ್ಲ. ಮೆಲ್ಲಗೆ ಹರಡಿ ಎಲೆಗೆ ಕಪ್ಪು ಕಲೆಯ ಹಾಗೆ ಅಂಟಿಕೊಳ್ಳುತ್ತದೆ. ಆ ಕಲೆಯ ಮೇಲೆ ಮತ್ತೆ ನೀರು ಬಿಟ್ಟರೆ ಈ ಸಲ ನೀರೂ ನಿಂತುಬಿಡುತ್ತದೆ. ಪಿಫಾಸ್ ಜಗಳದ ಅರ್ಧ ಭಾಗ ಈ ಎಲೆಯ ಮೇಲೆಯೇ ಇದೆ.

ಕಾರಣ ಹೀಗೆ. ನೀರಿನ ನಡುವೆ ಇರುವ ಅಣುವನ್ನು ಅಕ್ಕಪಕ್ಕದ ಅಣುಗಳು ಎಲ್ಲ ದಿಕ್ಕಿನಿಂದಲೂ ಎಳೆಯುತ್ತಿರುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲಿನಿಂದ ಅಂಥ ಎಳೆತ ಇಲ್ಲ, ಹಾಗಾಗಿ ಅದು ಒಳಗಡೆಗೆ ಸೆಳೆಯಲ್ಪಡುತ್ತದೆ. ಹನಿ ತನ್ನ ಮೇಲ್ಮೈಯನ್ನು ಆದಷ್ಟು ಚಿಕ್ಕದು ಮಾಡಿಕೊಳ್ಳುತ್ತದೆ, ಗುಂಡಾಗುತ್ತದೆ. ಇದೇ ಮೇಲ್ಮೈ ಎಳೆತ. ಇದನ್ನು ಅಳೆಯಲು ಪ್ಲಾಸ್ಟಿಕ್ ಉದ್ಯಮದವರು ‘ಡೈನ್’ ಎಂಬ ಲೆಕ್ಕ ಬಳಸುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನದು 72.8 ಡೈನ್. ಅಡುಗೆ ಎಣ್ಣೆಯದು ಸುಮಾರು 32.

ಘನವಸ್ತುವಿಗೂ ಇಂಥದೇ ಗುಣ ಇದೆ. ಅದನ್ನು ಮೇಲ್ಮೈ ಶಕ್ತಿ ಎನ್ನುತ್ತಾರೆ. ಅದು ಜಾಸ್ತಿ ಇದ್ದರೆ ಮೇಲೆ ಬಿದ್ದ ದ್ರವವನ್ನು ತನ್ನ ಕಡೆ ಎಳೆದು ಹರಡಿಸುತ್ತದೆ. ಕಡಿಮೆ ಇದ್ದರೆ ದ್ರವ ತನ್ನ ಪಾಡಿಗೆ ಗುಂಡಾಗಿ ನಿಲ್ಲುತ್ತದೆ. ಹನಿಯ ಅಂಚು ಮೇಲ್ಮೈಗೆ ತಾಗುವಲ್ಲಿ ಒಂದು ಕೋನ ಉಂಟಾಗುತ್ತದಲ್ಲ, ಅದನ್ನು ನೋಡಿ ಈ ಹಗ್ಗಜಗ್ಗಾಟವನ್ನು ಲೆಕ್ಕ ಹಾಕಬಹುದು ಎಂದು 1805ರಲ್ಲೇ ಇಂಗ್ಲೆಂಡಿನ ಥಾಮಸ್ ಯಂಗ್ ತೋರಿಸಿದರು. ಅಮೆರಿಕದ ನೌಕಾ ಸಂಶೋಧನಾಲಯದಲ್ಲಿದ್ದ ವಿಲಿಯಂ ಜಿಸ್ಮನ್ 1950ರ ದಶಕದಲ್ಲಿ ಒಂದೊಂದೇ ಪ್ಲಾಸ್ಟಿಕ್ಕಿನ ಮೇಲೆ ಬೇರೆ ಬೇರೆ ದ್ರವ ಬಿಟ್ಟು, ಯಾವ ಎಳೆತದ ದ್ರವ ಪೂರ್ತಿ ಹರಡುತ್ತದೆ ಎಂದು ಅಳೆಯುತ್ತಾ ಹೋದರು. ಇವತ್ತಿಗೂ ಉದ್ಯಮ ಅಂಥ ಅಂಕಿಗಳ ಮೇಲೆಯೇ ನಡೆಯುತ್ತದೆ.

ಅಂಕಿಗಳು ಸುಮಾರಾಗಿ ಹೀಗಿವೆ. ನೈಲಾನ್ 46, ಪಾಲಿಯೆಸ್ಟರ್ 43, ಪಾಲಿಥೀನ್ 31, ಪಾಲಿಪ್ರೊಪಿಲೀನ್ 30, ಸಿಲಿಕೋನ್ 22ರ ಆಸುಪಾಸು, ನಾನ್‌ಸ್ಟಿಕ್ ಕಾವಲಿಯ ಪದರವಾದ ಟೆಫ್ಲಾನ್ 18ರಿಂದ 20. ಹಾಲಿನ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಅದು ಪಾಲಿಥೀನ್. ಅದರ 31ರ ಮೇಲೆ ಮುದ್ರಣದ ಶಾಯಿ ನಿಲ್ಲುವುದಿಲ್ಲ, ಉಜ್ಜಿದರೆ ಬಂದುಬಿಡುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಮುದ್ರಣಕ್ಕೆ ಮುಂಚೆ ಹಾಳೆಯ ಮೇಲೆ ವಿದ್ಯುತ್ತಿನ ಕಿಡಿ ಹಾಯಿಸಿ ಆ ಅಂಕಿಯನ್ನು 38ಕ್ಕಿಂತ ಮೇಲೆ ಏರಿಸುತ್ತಾರೆ. ಇದು ಅಂಟಿಸಿಕೊಳ್ಳುವ ಕಥೆ. ಪಿಫಾಸ್‌ದು ಅಂಟದಂತೆ ಮಾಡುವ ಕಥೆ.

ಒಂದು ಅನುಮಾನ ಬರಬಹುದು. ನೀರಿನ 72 ಈ ಎಲ್ಲ ಅಂಕಿಗಳಿಗಿಂತ ಜಾಸ್ತಿ. ಹಾಗಿದ್ದರೆ ಪಾಲಿಯೆಸ್ಟರ್ ಅಂಗಿ ಮಳೆಗೆ ಒದ್ದೆಯಾಗುವುದು ಯಾಕೆ? ಯಾಕೆಂದರೆ ಬಟ್ಟೆ ಎನ್ನುವುದು ಸಪಾಟು ಹಾಳೆ ಅಲ್ಲ, ಎಳೆಗಳ ನಡುವೆ ಸಣ್ಣ ಸಣ್ಣ ಸಂದುಗಳಿವೆ. ಹನಿಯ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಆ ಸಂದುಗಳು ಹಣತೆಯ ಬತ್ತಿ ಎಣ್ಣೆ ಹೀರುವ ಹಾಗೆ ನೀರನ್ನು ಹೀರುತ್ತವೆ. ಪಾಲಿಯೆಸ್ಟರ್ ಮೇಲೆ ನೀರಿನ ಕೋನ 80ರ ಒಳಗೇ ಇರುತ್ತದೆ. ಅದನ್ನು 90 ದಾಟಿಸಲು ಮೇಣವೋ ಸಿಲಿಕೋನೋ ಸವರಿದರೆ ಸಾಕು. ಎಣ್ಣೆಯ ಎಳೆತ 32 ಮಾತ್ರ. ಅದನ್ನು ಬಟ್ಟೆಯಿಂದ ದೂರ ಇಡಬೇಕಾದರೆ ಮೇಲ್ಮೈಯ ಅಂಕಿ 20ಕ್ಕಿಂತಲೂ ಚೆನ್ನಾಗಿ ಕೆಳಗೆ ಇಳಿಯಬೇಕು. ಮೇಣಕ್ಕೆ ಅದು ಆಗದ ಕೆಲಸ. ಸಿಲಿಕೋನ್‌ಗೂ ಆಗುವುದಿಲ್ಲ.

ಫ್ಲೋರಿನ್ ಬಂದದ್ದು ಹೀಗೆ

ಆ ಕೆಲಸ ಮಾಡುವುದು ಫ್ಲೋರಿನ್. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್ಜಿನ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರಿನೊಳಗೆ ಬಿಳಿ ಪುಡಿ ಸಿಕ್ಕಿತು. ಅದೇ ಮುಂದೆ ಟೆಫ್ಲಾನ್ ಆಯಿತು. ಕಾರ್ಬನ್ನಿನ ಸರಪಳಿಗೆ ಸುತ್ತಲೂ ಫ್ಲೋರಿನ್ ಹೊದಿಸಿದ ಪಾಲಿಮರ್ (ಸಣ್ಣ ಅಣುಗಳು ಸಾಲಾಗಿ ಕೂಡಿ ಆದ ಉದ್ದ ಅಣು) ಅದು. ಫ್ಲೋರಿನ್ ತನ್ನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪಕ್ಕದ ಅಣುವಿನ ಜೊತೆ ಸಲಿಗೆಯೇ ಇಲ್ಲ. ನೀರಿಗೂ ಅಂಟುವುದಿಲ್ಲ, ಎಣ್ಣೆಗೂ ಅಂಟುವುದಿಲ್ಲ. ಬಟ್ಟೆಗೆ ಸವರುವ ಪಾಲಿಮರ್‌ಗಳಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮುಖ್ಯ ಸರಪಳಿಗೆ ಬಾಲದಂತೆ ಫ್ಲೋರಿನ್ ಎಳೆಗಳನ್ನು ಜೋಡಿಸಿದರು. ಆ ಬಾಲಗಳ ತುದಿಗಳು ಒತ್ತೊತ್ತಾಗಿ ಮೇಲ್ಮೈಯಲ್ಲಿ ನಿಂತರೆ ಅಂಕಿ ಟೆಫ್ಲಾನ್‌ಗಿಂತಲೂ ಕೆಳಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ 6ರವರೆಗೂ ಇಳಿಸಿದ್ದಾರೆ.

ತೊಂದರೆಯೂ ಇಲ್ಲಿಂದಲೇ ಶುರು. ಕಾರ್ಬನ್-ಫ್ಲೋರಿನ್ ಬಂಧ ಸಾವಯವ ರಸಾಯನದಲ್ಲೇ ಅತ್ಯಂತ ಗಟ್ಟಿಯಾದವುಗಳಲ್ಲಿ ಒಂದು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದಕ್ಕೂ ಅದು ಸುಲಭಕ್ಕೆ ಮುರಿಯುವುದಿಲ್ಲ. ಕಲೆ ಹತ್ತದಿರಲು ಕಾರಣವಾದ ಗುಣವೇ ಕೊಳೆಯದಿರಲೂ ಕಾರಣ. ‘ಶಾಶ್ವತ ರಾಸಾಯನಿಕ’ ಎಂದು ಪತ್ರಿಕೆಗಳು ಕರೆಯುವುದು ಇದಕ್ಕೇ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಒಇಸಿಡಿ 2021ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಪೂರ್ತಿ ಫ್ಲೋರಿನ್ ಹೊದ್ದ ಒಂದೇ ಒಂದು ಕಾರ್ಬನ್ ಇದ್ದರೂ ಹೆಚ್ಚುಕಡಿಮೆ ಎಲ್ಲವೂ ಪಿಫಾಸ್. ಅಂದರೆ ಈ ಹೆಸರಿನ ಕೆಳಗೆ ಸಾವಿರಾರು ರಾಸಾಯನಿಕಗಳು ಬರುತ್ತವೆ. ಕೆಲವು ಅನಿಲ, ಕೆಲವು ನೀರಿನಲ್ಲಿ ಕರಗುವ ಆಮ್ಲ, ಕೆಲವು ಕಾವಲಿಯ ಮೇಲಿನ ಗಟ್ಟಿ ಪದರ. ಜನ ಗೊಂದಲ ಪಡುವುದರಲ್ಲಿ ಆಶ್ಚರ್ಯವಿಲ್ಲ.

ಅಪಾಯ ಪದರದಲ್ಲೋ, ಅದನ್ನು ಮಾಡುವ ಜಾಗದಲ್ಲೋ

ಉದ್ಯಮದ ವಾದ ಇದು: ಟೆಫ್ಲಾನ್‌ನಂಥ ದೊಡ್ಡ ಪಾಲಿಮರ್ ಅಣು ನೀರಿನಲ್ಲಿ ಕರಗುವುದಿಲ್ಲ, ಜೀವಕೋಶದ ಪೊರೆ ದಾಟುವುದಿಲ್ಲ, ಚೂರು ಹೊಟ್ಟೆಗೆ ಹೋದರೂ ಹಾಗೇ ಹೊರಗೆ ಬರುತ್ತದೆ. ಅದನ್ನು ಕುಡಿಯುವ ನೀರಿಗೆ ಸೇರುವ ಸಣ್ಣ ಆಮ್ಲಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಈ ವಾದದಲ್ಲಿ ಹುರುಳಿದೆ. ಆದರೆ ಅದು ಅರ್ಧ ಕಥೆ. ಆ ಪದರ ಎಲ್ಲಿಂದ ಬಂತು ಎಂದೂ ಕೇಳಬೇಕಲ್ಲ. ದಶಕಗಳ ಕಾಲ ಟೆಫ್ಲಾನ್ ತಯಾರಿಸಲು ಪಿಎಫ್‌ಒಎ ಎಂಬ ಎಂಟು ಕಾರ್ಬನ್ನಿನ ಆಮ್ಲ ಬೇಕಾಗಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಿಂದ ಅದು ನದಿಗೆ, ಬಾವಿಗಳಿಗೆ ಸೇರಿತು. ಮೊಕದ್ದಮೆಯ ನಂತರ ನೇಮಕವಾದ ವಿಜ್ಞಾನಿಗಳ ತಂಡ ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ ಸೇರಿ ಆರು ಕಾಯಿಲೆಗಳಿಗೆ ಅದರ ಜೊತೆ ನಂಟು ಇರುವ ಸಂಭವ ಇದೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕ 2024ರಲ್ಲಿ ಕುಡಿಯುವ ನೀರಿನಲ್ಲಿ ಅದರ ಮಿತಿಯನ್ನು ಲೀಟರಿಗೆ 4 ನ್ಯಾನೊಗ್ರಾಂ ಎಂದು ನಿಗದಿ ಮಾಡಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಅಷ್ಟು ಕಡಿಮೆ.

ಬಟ್ಟೆಗೆ ಸವರುವ ಬಾಲದ ಪಾಲಿಮರ್‌ಗಳ ವಿಷಯದಲ್ಲಂತೂ ಉದ್ಯಮದ ವಾದ ನಿಲ್ಲುವುದೇ ಇಲ್ಲ. ಒಗೆತ, ಉಜ್ಜಾಟ, ಬಿಸಿಲಿಗೆ ಆ ಬಾಲಗಳು ಕಾಲಕ್ರಮೇಣ ಕಳಚಿಕೊಂಡು ಸಣ್ಣ ಆಮ್ಲಗಳಾಗುತ್ತವೆ. ಮೊದಲು ಎಂಟು ಕಾರ್ಬನ್ನಿನ ಬಾಲ ಇತ್ತು. ಅದು ಕೆಟ್ಟದ್ದು ಎಂದಾಗ ಆರಕ್ಕೆ ಇಳಿಸಿದರು. ಆರರದ್ದು ದೇಹದಿಂದ ಬೇಗ ಹೊರಹೋಗುತ್ತದೆ, ನಿಜ. ಪರಿಸರದಿಂದ ಹೋಗುವುದಿಲ್ಲ, ನೀರಿನಲ್ಲಿ ಇನ್ನೂ ಸಲೀಸಾಗಿ ಓಡಾಡುತ್ತದೆ. ಐರೋಪ್ಯ ಒಕ್ಕೂಟ 2024ರ ಸೆಪ್ಟೆಂಬರ್‌ನಲ್ಲಿ ಈ ಆರರ ಆಮ್ಲಕ್ಕೂ ಕಡಿವಾಣ ಹಾಕಿತು. ಒಂದನ್ನು ನಿಷೇಧಿಸಿದರೆ ಅದರ ತಮ್ಮನನ್ನು ಮಾರುಕಟ್ಟೆಗೆ ತರುವ ಈ ಆಟ ನೋಡಿಯೇ ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್, ನಾರ್ವೆ, ಸ್ವೀಡನ್ ದೇಶಗಳು 2023ರಲ್ಲಿ ಇಡೀ ಕುಟುಂಬವನ್ನೇ ಒಟ್ಟಾಗಿ ನಿರ್ಬಂಧಿಸುವ ಪ್ರಸ್ತಾವ ಮುಂದಿಟ್ಟವು. ತೀರಾ ಅಗತ್ಯವಿದ್ದು ಬದಲಿ ಇಲ್ಲದ ಕಡೆ ಮಾತ್ರ ಕಾಲಾವಕಾಶ, ಉಳಿದ ಕಡೆ ಇಲ್ಲ ಎನ್ನುವುದು ಅದರ ತಿರುಳು. ನನಗೆ ಇದೇ ಸರಿಯಾದ ದಾರಿ ಎನಿಸುತ್ತದೆ. ಹಾಗಾದರೆ ಅಗತ್ಯ ಯಾವುದು? ಇಲ್ಲಿಗೆ ಮತ್ತೆ ನೀರು-ಎಣ್ಣೆಯ ಪ್ರಶ್ನೆ ಬಂತು.

ಬರೀ ಮಳೆಗಾದರೆ ಫ್ಲೋರಿನ್ ಬೇಡ

ಮಳೆ ಎಂದರೆ ನೀರು. ನೀರಿನ 72 ಡೈನ್ ಎದುರಿಸಲು 20ಕ್ಕಿಂತ ಕೆಳಗೆ ಇಳಿಯುವ ಅಗತ್ಯವೇ ಇಲ್ಲ. ಕೆಸುವಿನ ಎಲೆಯಲ್ಲಿ ಇರುವುದು ಮೇಣ, ಆ ಮೇಣದ ಕಣ್ಣಿಗೆ ಕಾಣದಷ್ಟು ಸಣ್ಣ ತರಿತರಿ, ತರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಫ್ಲೋರಿನ್ನಿನ ಸುಳಿವೇ ಇಲ್ಲ. ತಾವರೆ ಎಲೆಯ ಈ ಗುಟ್ಟನ್ನು ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರಿಸಿದ ಮೇಲೆ ಮೇಣ, ಸಿಲಿಕೋನ್ ಆಧಾರಿತ ಲೇಪನಗಳ ಕೆಲಸ ಚುರುಕಾಯಿತು. ಮಲೆನಾಡಿನ ಕಂಬಳಿ ಕೊಪ್ಪೆ ಮಳೆ ತಡೆಯುತ್ತಿದ್ದದ್ದೂ ಕುರಿಯ ಉಣ್ಣೆಯಲ್ಲಿರುವ ಜಿಡ್ಡಿನಿಂದಲೇ ಅಲ್ವಾ?

ಇಲ್ಲಿ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ನೀರು ತಡೆಯುವ ಬಟ್ಟೆಗಳಲ್ಲಿ ಎರಡು ಜಾತಿ. ಒಂದು, ಬಟ್ಟೆಯ ಒಳಗೆ ಅಥವಾ ಮೇಲೆ ಪೂರ್ತಿ ಪದರ ಇರುವುದು. ತೋಟದ ಕೆಲಸಕ್ಕೆ ಜನ ಹಾಕಿಕೊಳ್ಳುವ ಪಿವಿಸಿ ಕೋಟು ಈ ಜಾತಿ. ಅದರಲ್ಲಿ ಸಂದೇ ಇಲ್ಲ, ಹಾಗಾಗಿ ಮೇಲ್ಮೈಯ ಅಂಕಿ ಎಷ್ಟಿದ್ದರೂ ನೀರು ಒಳಗೆ ಬರುವುದಿಲ್ಲ. ಇಂಥ ಕೋಟಿಗೆ ಪಿಫಾಸ್ ಸವರುವ ಅಗತ್ಯ ಇಲ್ಲ. ಆದ್ದರಿಂದ ಪಿವಿಸಿ ಕೋಟಿನ ಮೇಲೆ ‘ಪಿಫಾಸ್ ಇಲ್ಲ’ ಎಂದು ಬರೆದು ಜಾಸ್ತಿ ಬೆಲೆ ಕೇಳಿದರೆ ಕೊಡಬೇಕಿಲ್ಲ. ಇನ್ನೊಂದು, ಮುಳ್ಳಯ್ಯನಗಿರಿ ಹತ್ತುವವರು ಹಾಕುವ ಬೆವರು ಹೊರಬಿಡುವ ಜಾಕೆಟ್. ಅದರ ಒಳಗೆ ತೆಳು ಪೊರೆ ಇರುತ್ತದೆ, ಹೊರಬಟ್ಟೆಗೆ ನೀರು ಜಾರಿಸುವ ಲೇಪನ ಇರುತ್ತದೆ. ಪಿಫಾಸ್ ಬರುತ್ತಿದ್ದದ್ದು ಮುಖ್ಯವಾಗಿ ಈ ಲೇಪನದಲ್ಲಿ, ಕೆಲವದರಲ್ಲಿ ಪೊರೆಯಲ್ಲೂ.

ಫ್ಲೋರಿನ್ ಇಲ್ಲದ ಲೇಪನಕ್ಕೆ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದು ಬೇಡ. ಕತ್ತಿನ ಬೆವರು, ತಲೆಗೆ ಹಚ್ಚಿದ ಎಣ್ಣೆ, ಅಡುಗೆಯ ಜಿಡ್ಡು ಅದಕ್ಕೆ ಹತ್ತಿಕೊಳ್ಳುತ್ತವೆ. ಕೆಸುವಿನ ಎಲೆಯ ಮೇಲಿನ ಎಣ್ಣೆ ಕಲೆಯ ಹಾಗೆ, ಜಿಡ್ಡು ಕೂತ ಕಡೆ ನೀರೂ ಹರಡುತ್ತದೆ. ಹೊರಬಟ್ಟೆ ನೆನೆದರೆ ಬೆವರು ಹೊರಗೆ ಹೋಗಲು ದಾರಿಯಿಲ್ಲ, ಒಳಗೆ ತಣ್ಣಗೆ ಅಂಟಂಟು. ಕೋಟು ಸೋರುತ್ತಿದೆ ಎಂದು ಜನ ಭಾವಿಸುತ್ತಾರೆ, ನಿಜಕ್ಕೂ ಅದು ಬೆವರು. ಇದಕ್ಕೆ ಮದ್ದು ಸುಲಭ: ಕೊಳೆಯಾದಾಗ ಒಗೆಯುವುದು, ಸೋಪಿನ ಅಂಶ ಒಂದಿಷ್ಟೂ ಉಳಿಯದ ಹಾಗೆ ಜಾಲಿಸುವುದು, ಚೀಟಿಯಲ್ಲಿ ಹೇಳಿದ್ದರೆ ಸಣ್ಣ ಬಿಸಿಯಲ್ಲಿ ಒಣಗಿಸುವುದು. ಬಿಸಿ ತಾಗಿದಾಗ ಲೇಪನದ ಎಳೆಗಳು ಮತ್ತೆ ಮೇಲ್ಮೈಗೆ ತಿರುಗಿ ನಿಲ್ಲುತ್ತವೆ.

ಔಷಧಿ ಹೊಡೆಯುವವರ ಮಾತು ಬೇರೆ

ಈ ಚರ್ಚೆಯಲ್ಲಿ ಯಾರೂ ಸಾಕಷ್ಟು ಮಾತಾಡದ ಜನ ಇವರು. ಅಡಿಕೆ, ಮೆಣಸಿಗೆ ಬೋರ್ಡೋ, ಕಾಫಿಗೆ ಎಲೆ ತುಕ್ಕಿನ ಔಷಧಿ, ಹಾಸನದ ಆಲೂಗಡ್ಡೆಗೆ ಅಂಗಮಾರಿಯ ಔಷಧಿ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಸಾಲುಸಾಲು ಹೊಡೆಯುವವರ ಮೈ ಮೇಲೆ ಬೀಳುವ ತುಂತುರು ಬರೀ ನೀರಲ್ಲ.

ಬೆಳೆಯ ಎಲೆಗೂ ಮೇಣ ಇರುತ್ತದೆ, ಔಷಧಿಯ ಹನಿ ಅದರ ಮೇಲಿಂದ ಉರುಳಿ ಬೀಳುತ್ತದೆ. ಉರುಳಬಾರದು, ಹರಡಬೇಕು ಎಂದೇ ಔಷಧಿಯ ಜೊತೆ ‘ಸ್ಪ್ರೆಡರ್’ ಬೆರೆಸುತ್ತಾರೆ. ಇವುಗಳಲ್ಲಿ ಸಿಲಿಕೋನ್ ಜಾತಿಯವು ಬಲು ಚುರುಕು. ಚೂರೇ ಚೂರು ಬೆರೆಸಿದರೂ ನೀರಿನ 72 ಡೈನ್ 22ರ ಹತ್ತಿರಕ್ಕೆ ಕುಸಿಯುತ್ತದೆ. ಎಲೆಯ ಮೇಲೆ ಹನಿ ಹಾಳೆಯ ಹಾಗೆ ಹರಡಿ ಮೂಲೆಮೂಲೆಗೂ ತಲುಪುತ್ತದೆ. ರೈತನಿಗೆ ಬೇಕಾದ್ದೂ ಅದೇ, ಔಷಧಿ ಪೋಲಾಗುವುದಿಲ್ಲ.

ಈಗ ಅದೇ ಹನಿ ಹೊಡೆಯುವವನ ತೋಳಿನ ಮೇಲೆ ಬಿತ್ತು ಎನ್ನಿ. ಮಳೆ ನೀರನ್ನು ಲೀಲಾಜಾಲವಾಗಿ ಜಾರಿಸುವ ಮೇಣದ ಲೇಪನ 22 ಡೈನ್‌ನ ಹನಿಯ ಮುಂದೆ ಸೋಲುತ್ತದೆ. ಹನಿ ಎಲೆಯ ಮೇಲೆ ಹರಡಿದ ಹಾಗೆಯೇ ಬಟ್ಟೆಯ ಮೇಲೂ ಹರಡಿ, ಸಂದುಗಳಲ್ಲಿ ಇಳಿದು ಚರ್ಮ ಮುಟ್ಟುತ್ತದೆ. ಬಾಟಲಿಯ ಮೇಲೆ ‘ಇ.ಸಿ.’ ಎಂದು ಬರೆದಿರುವ ಔಷಧಿಗಳಲ್ಲಿ ಎಣ್ಣೆಯಂಥ ದ್ರಾವಕವೂ ಇರುತ್ತದೆ. ನೀರಿಗೆ ಬೆರೆಸುವಾಗ ಗಟ್ಟಿ ಔಷಧಿ ಕೈಗೆ ಚೆಲ್ಲುವ ಹೊತ್ತಂತೂ ಎಲ್ಲಕ್ಕಿಂತ ಅಪಾಯದ್ದು. ಅದಕ್ಕೆ ಮಳೆಯ ಜಾಕೆಟ್ ಹಾಕಿಕೊಂಡರೆ ಮೈ ಕಾಯುತ್ತದೆ ಎಂಬ ನಂಬಿಕೆ ಬಿಡಬೇಕು. ಅದು ಪಿಫಾಸ್ ಇದ್ದರೂ ಬಿಡಬೇಕು, ಇಲ್ಲದಿದ್ದರೂ ಬಿಡಬೇಕು. ಯಾಕೆಂದರೆ ಒಂದೆರಡು ಒಗೆತಕ್ಕೇ ಲೇಪನ ಎಷ್ಟು ಉಳಿದಿದೆ ಎಂದು ಹೇಳಲು ಬರುವುದಿಲ್ಲ, ಭುಜದಲ್ಲಿ ಕ್ಯಾನಿನ ಪಟ್ಟಿ ಉಜ್ಜುವ ಕಡೆ ಮೊದಲು ಸವೆಯುತ್ತದೆ.

ಇಲ್ಲಿ ಬೇಕಾದ್ದು ಸಂದಿಲ್ಲದ ಪದರ. ಪಾಲಿಥೀನ್ ಹಚ್ಚಿದ ಏಪ್ರನ್, ನೈಟ್ರೈಲ್ ರಬ್ಬರಿನ ಕೈಗವಸು, ಗಮ್‌ಬೂಟು. ಇವುಗಳ ಮೇಲೆ ಹನಿ ಹರಡಿದರೂ ಸಂದಿನ ಮೂಲಕ ಒಳಗೆ ಹೋಗಲು ಆಗುವುದಿಲ್ಲ. ತೊಡಕು ಸೆಕೆ. ಮೇ ತಿಂಗಳ ಬಿಸಿಲಲ್ಲಿ ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು ಕೆಲಸ ಮಾಡಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಈ ತೊಡಕಿಗೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ಬೇರೆಯದೇ ದಾರಿ ಹಿಡಿದಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಕಿಸಾನ್ ಕವಚ’ದ ಬಟ್ಟೆ ಹನಿಯನ್ನು ಜಾರಿಸಲು ಹೋಗುವುದಿಲ್ಲ. ಹೀರಿಕೊಂಡ ಕೀಟನಾಶಕವನ್ನು ಬಟ್ಟೆಯ ಎಳೆಗೆ ಜೋಡಿಸಿದ ರಾಸಾಯನಿಕ ಮುರಿದುಹಾಕುತ್ತದೆ. ಬಿಡುಗಡೆಯ ಹೊತ್ತಿಗೆ ಬೆಲೆ 4,000 ರೂಪಾಯಿ. ದಿನಗೂಲಿಯವರಿಗೆ ಅದು ದೊಡ್ಡ ಮೊತ್ತ. ತೋಟದ ಮಾಲೀಕರು ಕೊಡಿಸಬೇಕು, ಇಲಾಖೆ ಸಹಾಯಧನಕ್ಕೆ ಸೇರಿಸಬೇಕು. ಪಿಫಾಸ್ ನಿಷೇಧದ ಗದ್ದಲದಲ್ಲಿ ನಮ್ಮ ಜಿಲ್ಲೆಗಳ ಪ್ರತಿನಿಧಿಗಳು ಒಂದೇ ಒಂದು ಮಾತು ಆಡುವುದಿದ್ದರೆ ಇದನ್ನು ಆಡಲಿ.

ಕಾವಲಿ, ತಟ್ಟೆ, ಬಜ್ಜಿ ಪೊಟ್ಟಣ

ಅಡುಗೆಮನೆಯಲ್ಲಿ ವೈರಿ ಎಣ್ಣೆಯೇ. ಆದರೂ ಇಲ್ಲಿ ಬದಲಿಗೆ ಬರವಿಲ್ಲ. ಎಣ್ಣೆ ಸವರಿ ಕಾಯಿಸಿ ಪಳಗಿಸಿದ ಕಬ್ಬಿಣದ ಕಾವಲಿಯ ಮೇಲಿರುವ ಕಪ್ಪು ಪದರವೂ ಒಂದು ಪಾಲಿಮರೇ. ಬಿಸಿಗೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಆದದ್ದು. ನಾನ್‌ಸ್ಟಿಕ್ ಕಾವಲಿ ಇರುವವರು ಈ ಕ್ಷಣ ಎಸೆಯಬೇಕಿಲ್ಲ. ಬರೀ ಕಾವಲಿಯನ್ನು ದೊಡ್ಡ ಉರಿಯಲ್ಲಿ ಬಿಟ್ಟು ಹೋಗಬಾರದು ಅಷ್ಟೇ. ಟೆಫ್ಲಾನ್ 260 ಡಿಗ್ರಿವರೆಗೆ ತಡೆಯುತ್ತದೆ, ಅದನ್ನು ತುಂಬಾ ದಾಟಿದರೆ ಒಡೆದು ಹೊಗೆ ಬಿಡುತ್ತದೆ. ಪದರ ಎದ್ದು ಸಿಪ್ಪೆ ಬರುತ್ತಿದ್ದರೆ ಬದಲಿಸುವುದು ಒಳ್ಳೆಯದು.

ಕಾಗದದ ತಟ್ಟೆ, ಪೊಟ್ಟಣಗಳದ್ದು ಹೆಚ್ಚು ಗಂಭೀರ. ಕಾಗದದ ನಾರು ಎಣ್ಣೆ ಹೀರುತ್ತದೆ. ಅದನ್ನು ತಡೆಯಲು ಹೆಚ್ಚಾಗಿ ಹಿಡಿಯುವುದು ಎರಡು ದಾರಿ: ಮೇಲೆ ಪ್ಲಾಸ್ಟಿಕ್ ಪದರ ಹಚ್ಚುವುದು, ಇಲ್ಲವೇ ತಿರುಳಿಗೇ ಫ್ಲೋರಿನ್ ಬೆರೆಸುವುದು. ಕರ್ನಾಟಕ 2016ರಲ್ಲಿ, ದೇಶ 2022ರ ಜುಲೈನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳನ್ನು ನಿಷೇಧಿಸಿದ ಮೇಲೆ ಕಬ್ಬಿನ ಸಿಪ್ಪೆ, ಕಾಗದದ ತಿರುಳಿನ ತಟ್ಟೆಗಳು ‘ಪರಿಸರಸ್ನೇಹಿ’ ಎಂದು ಬಂದವು. ಇಂಥವು ಎಣ್ಣೆ ಸೋರದಂತೆ ಇರಲು ಪಿಫಾಸ್ ಬಳಸುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಒಂದು ಒಳ್ಳೆಯ ನಿಷೇಧ ಇನ್ನೊಂದು ಸಮಸ್ಯೆಗೆ ಬಾಗಿಲು ತೆರೆಯುವುದು ಹೀಗೆ. ಐರೋಪ್ಯ ಒಕ್ಕೂಟ ತನ್ನ ಹೊಸ ಪ್ಯಾಕೇಜಿಂಗ್ ಕಾನೂನಿನಲ್ಲಿ ಆಹಾರದ ಪ್ಯಾಕಿಂಗ್‌ಗೆ 2026ರ ಆಗಸ್ಟ್ 12ರಿಂದ ಪಿಫಾಸ್ ಮಿತಿ ಇಟ್ಟಿದೆ. ಡೆನ್ಮಾರ್ಕ್ ಕಾಗದದ ಪೊಟ್ಟಣಗಳಿಗೆ 2020ರಲ್ಲೇ ನಿಷೇಧ ತಂದಿತ್ತು.

ನಮಗೆ ಬಾಳೆ ಎಲೆ, ಮುತ್ತುಗದ ಎಲೆ ಇವೆಯಲ್ಲ ಎನ್ನಬಹುದು. ಅಡಿಕೆ ಹಾಳೆಯ ತಟ್ಟೆಯೂ ಇದೆ. ಆದರೆ ಹಾಳೆ ತಟ್ಟೆಗೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಪ್ರಾಧಿಕಾರ ಎಫ್‌ಡಿಎ ತಕರಾರು ತೆಗೆಯಿತು, ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂಬುದು ಅದರ ಆಕ್ಷೇಪ. ಮಲೆನಾಡಿನ ಸಣ್ಣ ಘಟಕಗಳಿಗೆ ಪಿಫಾಸ್ ನಿಷೇಧ ತೆರೆಯಬಹುದಾಗಿದ್ದ ಮಾರುಕಟ್ಟೆ ಹೀಗೆ ಇನ್ನೊಂದು ಕಡೆಯಿಂದ ಮುಚ್ಚುತ್ತಿದೆ. ಆ ಆಕ್ಷೇಪಕ್ಕೆ ಉತ್ತರ ಕೊಡಲು ನಮ್ಮದೇ ಪರೀಕ್ಷೆಗಳು ಬೇಕು, ಘೋಷಣೆ ಸಾಲದು.

ಹಾಸನದ ಗಿರಣಿಗಳ ಮೇಲೆ ಬೀಳುವ ಹೊರೆ

ಹಾಸನದ ಜವಳಿ ವಿಶೇಷ ಆರ್ಥಿಕ ವಲಯ ಮತ್ತು ಸುತ್ತಲಿನ ಕಾರ್ಖಾನೆಗಳಿಂದ ಹಾಸಿಗೆ ಬಟ್ಟೆ, ಟವೆಲ್, ಉಡುಪು ಹೊರದೇಶಕ್ಕೆ ಹೋಗುತ್ತವೆ. ಟವೆಲ್‌ಗೆ ಈ ತೊಂದರೆ ಇಲ್ಲ. ಅದು ನೀರು ಹೀರಲೇಬೇಕು. ಹೊರೆ ಬೀಳುವುದು ‘ಕಲೆ ಹತ್ತದ’ ಬಟ್ಟೆ ಮಾಡುವವರ ಮೇಲೆ. ಮೇಜಿನ ಹಾಸು, ಸೋಫಾ ಬಟ್ಟೆ, ಸಮವಸ್ತ್ರಗಳಿಗೆ ಎಣ್ಣೆ ಕಲೆ ಹತ್ತಬಾರದು ಎಂದು ಕೊಳ್ಳುವವರು ಕೇಳಿದರೆ ಫ್ಲೋರಿನ್ ಇಲ್ಲದೆ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಉಳಿದಿರುವ ದಾರಿ, ಕಲೆ ಹತ್ತಿದರೂ ಒಗೆತದಲ್ಲಿ ಸುಲಭಕ್ಕೆ ಬಿಡುವಂತೆ ಮಾಡುವುದು. ಅದರ ರಸಾಯನ ತಲೆಕೆಳಗು: ಮೇಲ್ಮೈ ನೀರನ್ನು ದೂರ ತಳ್ಳುವ ಬದಲು ಹತ್ತಿರ ಕರೆಯಬೇಕು, ಆಗ ನೀರು ಎಣ್ಣೆಯ ಅಡಿಗೆ ನುಗ್ಗಿ ಅದನ್ನು ಎತ್ತಿಬಿಡುತ್ತದೆ.

ಲೆಕ್ಕಪತ್ರದ ಕೆಲಸವೂ ಹೆಚ್ಚುತ್ತದೆ. ಆರರ ಆಮ್ಲದ ಮೇಲಿನ ಐರೋಪ್ಯ ನಿರ್ಬಂಧ ಸಾರ್ವಜನಿಕರು ಕೊಳ್ಳುವ ಉಡುಪಿಗೆ 2026ರ ಅಕ್ಟೋಬರ್ 10ರಿಂದ ಅನ್ವಯ. ಖರೀದಿದಾರರು ಬಟ್ಟೆಯಲ್ಲಿ ಒಟ್ಟು ಫ್ಲೋರಿನ್ ಎಷ್ಟಿದೆ ಎಂಬ ಪರೀಕ್ಷಾ ವರದಿ ಕೇಳುತ್ತಾರೆ. ಅದೇ ತೊಟ್ಟಿಯಲ್ಲಿ, ಅದೇ ರೋಲರಿನಲ್ಲಿ ಹಿಂದಿನ ವಾರ ಫ್ಲೋರಿನ್ ಓಡಿಸಿದ್ದರೆ ಈ ವಾರದ ಬಟ್ಟೆಯಲ್ಲೂ ಅದರ ಅಂಶ ಸಿಗಬಹುದು. ಬೇರೆ ಲೈನು ಹಾಕಲು ದೊಡ್ಡ ಗಿರಣಿಗೆ ಶಕ್ತಿ ಇದೆ. ಗುತ್ತಿಗೆಗೆ ಲೇಪನ ಮಾಡಿಕೊಡುವ ಸಣ್ಣ ಘಟಕಕ್ಕೆ ಇಲ್ಲ. ಪರೀಕ್ಷೆಯ ಸೌಲಭ್ಯ ಹತ್ತಿರದಲ್ಲಿ, ಕೈಗೆಟುಕುವ ದರದಲ್ಲಿ ಇಲ್ಲದಿದ್ದರೆ ಮೊದಲು ಕೆಲಸ ಕಳೆದುಕೊಳ್ಳುವುದು ಇಂಥ ಘಟಕಗಳ ಕಾರ್ಮಿಕರು. ಬದಲಿಯಾಗಿ ಬರುವ ಲೇಪನವನ್ನೂ ಕಣ್ಣುಮುಚ್ಚಿ ನಂಬಬಾರದು. ಕೆಲವು ಸಿಲಿಕೋನ್‌ಗಳಲ್ಲಿ ಉಳಿಯುವ ಡಿ4, ಡಿ5, ಡಿ6 ಎಂಬ ಉಂಗುರದ ಅಣುಗಳ ಮೇಲೂ ಯುರೋಪಿನಲ್ಲಿ ನಿರ್ಬಂಧಗಳಿವೆ.

ಅಲ್ಲಿ ಮುಚ್ಚಿದ್ದು ಇಲ್ಲಿ ತೆರೆದರೆ

ಇಟಲಿಯ ವೆನೆಟೊ ಪ್ರಾಂತದಲ್ಲಿ ಒಂದು ಪಿಫಾಸ್ ಕಾರ್ಖಾನೆ ಅಂತರ್ಜಲ ಕೆಡಿಸಿ ದಿವಾಳಿಯಾಯಿತು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಅದರ ಹಿಂದಿನ ಅಧಿಕಾರಿಗಳಿಗೆ ಶಿಕ್ಷೆ ವಿಧಿಸಿತು. ಅಷ್ಟರಲ್ಲಿ ಅದರ ಯಂತ್ರಗಳು ಮಾರಾಟವಾಗಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಗೆ ಬಂದಿದ್ದವು. ಅದು ನಮ್ಮ ಪಶ್ಚಿಮ ಘಟ್ಟದ್ದೇ ಮಗ್ಗುಲು. 3ಎಂ ಕಂಪನಿ 2025ರ ಕೊನೆಗೆ ಪಿಫಾಸ್ ತಯಾರಿಕೆ ನಿಲ್ಲಿಸುವುದಾಗಿ 2022ರಲ್ಲೇ ಘೋಷಿಸಿತ್ತು. ಬೇಡಿಕೆ ಉಳಿದು ತಯಾರಕರು ಕಡಿಮೆಯಾದರೆ ಉತ್ಪಾದನೆ ಕಾನೂನು ಸಡಿಲ ಇರುವ ಕಡೆಗೆ ಜರುಗುತ್ತದೆ. ಶ್ರೀಮಂತ ದೇಶಗಳ ಅಂಗಡಿಗಳಲ್ಲಿ ಮಾರಾಟವಾಗದ ಲೇಪನಗಳು ಕಡಿಮೆ ಬೆಲೆಗೆ ನಮ್ಮ ಮಾರುಕಟ್ಟೆಗೆ ಬರುವ ಸಂಭವವೂ ಇದೆ.

ಎಫ್‌ಎಸ್‌ಎಸ್‌ಎಐ ಕರಡು ಆಹಾರಕ್ಕೆ ತಾಗುವ ವಸ್ತುಗಳಿಗೆ ಮಾತ್ರ ಸೀಮಿತ. ಬಟ್ಟೆಯಲ್ಲಿ ಪಿಫಾಸ್, ಕಾರ್ಖಾನೆಯ ಹೊರನೀರಿನಲ್ಲಿ ಪಿಫಾಸ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಕರಡಿನೊಳಗೂ ಬಿಡಿಸಬೇಕಾದ ಗಂಟುಗಳಿವೆ: ಪಿಫಾಸ್ ಎಂದರೆ ಒಇಸಿಡಿ ಹೇಳುವ ಅಷ್ಟೂ ರಾಸಾಯನಿಕಗಳೋ, ಕಾವಲಿಯ ಟೆಫ್ಲಾನ್ ಪದರವೂ ಸೇರುತ್ತದೋ, ‘ಇಲ್ಲ’ ಎನ್ನಲು ಎಷ್ಟು ಕಡಿಮೆ ಇರಬೇಕು, ಯಾವ ವಿಧಾನದಲ್ಲಿ ಅಳೆಯಬೇಕು. ಯುರೋಪಿನ ಪ್ಯಾಕೇಜಿಂಗ್ ಕಾನೂನು ಇದಕ್ಕೆ ಅಂಕಿಗಳನ್ನೇ ಕೊಟ್ಟಿದೆ. ಯಾವುದೇ ಒಂದು ಪಿಫಾಸ್ ಕಿಲೋಗ್ರಾಮಿಗೆ 25 ಮೈಕ್ರೊಗ್ರಾಂ ಮುಟ್ಟಬಾರದು, ಬಿಡಿಬಿಡಿಯಾಗಿ ಅಳೆದವೆಲ್ಲ ಸೇರಿ 250 ಮೈಕ್ರೊಗ್ರಾಂ ಮುಟ್ಟಬಾರದು, ಪಾಲಿಮರ್‌ಗಳೂ ಸೇರಿದ ಒಟ್ಟು ಮೊತ್ತ 50 ಮಿಲಿಗ್ರಾಂ ಮುಟ್ಟಬಾರದು. ಇಂಥ ಅಂಕಿ ನಮ್ಮ ನಿಯಮದಲ್ಲೂ ಬಂದರೆ, ‘ಪಿಫಾಸ್ ಇಲ್ಲ’ ಎಂಬ ಚೀಟಿಯನ್ನು ಅಂಗಡಿಯವನೂ ಅಧಿಕಾರಿಯೂ ಪರೀಕ್ಷಿಸಿ ನೋಡಬಹುದು. ಅಲ್ಲಿಯವರೆಗೆ ಅದು ತಯಾರಕರ ಮಾತು ಮಾತ್ರ.